ಮಳೆಗಾಲದ ನಾಲ್ಕು ತಿಂಗಳು ಮನಸ್ಸನ್ನು ನೋಡಿಕೊಳ್ಳುವ ಬಗೆ

ಮೇ ತಿಂಗಳು ಬಂತೆಂದರೆ ನಮ್ಮ ಶಿರಸಿ ಕಡೆಯ ಮನೆಗಳಲ್ಲಿ ಯಾರ ಕೈಗೂ ಬಿಡುವಿರುವುದಿಲ್ಲ. ಕಟ್ಟಿಗೆ ಒಳಗೆ ಸೇರಬೇಕು. ಹಲಸಿನ ಹಪ್ಪಳ ಒಣಗಬೇಕು. ಹಂಚು ಕೈಯಾಡಿಸಬೇಕು, ಕೊಟ್ಟಿಗೆಗೆ ದರಕು (ಒಣಗಿದ ಎಲೆ) ತಂದು ತುಂಬಬೇಕು. ಮಳೆ ಹಿಡಿದ ಮೇಲೆ ಅಂಗಳಕ್ಕಿಳಿಯುವುದೂ ಕಷ್ಟ ಅಂತ ಎಲ್ಲರಿಗೂ ಗೊತ್ತು. ಆದರೆ ಆ ನಾಲ್ಕು ತಿಂಗಳು ಮನಸ್ಸು ಹೇಗಿರುತ್ತದೆ, ಅದಕ್ಕೆ ಏನು ತಯಾರಿ ಅಂತ ಯಾರೂ ಕೇಳುವುದಿಲ್ಲ.

ನಾನು ಡಾಕ್ಟರಲ್ಲ. ಅಡಿಕೆ ತೋಟದ ಮನೆಯವಳು. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲ ನನಗೆ ಬಹಳ ಕೆಟ್ಟದಾಗಿ ಹೋಯಿತು. ಮಕ್ಕಳಿಬ್ಬರೂ ಊರು ಬಿಟ್ಟಿದ್ದರು. ಆರ್ದ್ರೆ ಮಳೆಯಲ್ಲಿ ಶುರುವಾದ ಬೇಸರ, ಪುಷ್ಯ ಮಳೆಯ ಹೊತ್ತಿಗೆ ತಲೆ ಬಾಚಿಕೊಳ್ಳುವುದಕ್ಕೂ ಮನಸ್ಸಿಲ್ಲ ಅನ್ನುವ ಮಟ್ಟಕ್ಕೆ ಬಂದಿತ್ತು. ಯಾರಾದರೂ ಫೋನ್ ಮಾಡಿ "ಆರಾಮಾ?" ಅಂದರೆ "ಅಡ್ಡಿಲ್ಲೆ" ಅನ್ನುತ್ತಿದ್ದೆ. ನಮ್ಮಲ್ಲಿ ಎಲ್ಲದಕ್ಕೂ ಅದೇ ಉತ್ತರ, ಅಲ್ವಾ? ಕೊನೆಗೆ ನನ್ನ ಅತ್ತಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಗುಣವಾದೆ. ಅವತ್ತಿನಿಂದ ಪ್ರತಿ ವರ್ಷ ಹಪ್ಪಳದ ಜೊತೆ ಇದಕ್ಕೂ ತಯಾರಿ ಮಾಡುತ್ತೇನೆ. ಏನೇನು ಮಾಡುತ್ತೇನೆ, ಡಾಕ್ಟರುಗಳಿಂದ ಏನು ತಿಳಿದುಕೊಂಡೆ ಅಂತ ಒಂದೊಂದಾಗಿ ಹೇಳುತ್ತೇನೆ.

1. ಮಳೆ ಹಿಡಿಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ

ಮನಸ್ಸಿನ ವಿಷಯಕ್ಕೆ ರಕ್ತ ಯಾಕೆ ಅನ್ನಿಸಬಹುದು. ಥೈರಾಯ್ಡ್ ಕಡಿಮೆಯಾದರೆ, ರಕ್ತಹೀನತೆಯಾದರೆ, ಬಿ12 ಇಳಿದರೆ ಬರುವ ಸುಸ್ತು, ಮರೆವು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಖಿನ್ನತೆಯ ಹಾಗೆಯೇ ಕಾಣುತ್ತದೆ. ಬಿ12 ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ. ತರಕಾರಿ ಸೊಪ್ಪಿನಲ್ಲಿ ಇಲ್ಲ. ನಮ್ಮಂಥ ಸಸ್ಯಾಹಾರಿ ಮನೆಗಳಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಅದು ಕಡಿಮೆ ಇರುವುದು ಮಾಮೂಲು. ಮಾತ್ರೆ ಅಥವಾ ಇಂಜೆಕ್ಷನ್ನಿನಿಂದ ಸರಿಹೋಗುವ ತೊಂದರೆಗೆ "ನನ್ನ ಸ್ವಭಾವವೇ ಹೀಗೆ" ಅಂತ ವರ್ಷಗಟ್ಟಲೆ ಕೊರಗುವುದು ಬೇಡ.

ಈಗಾಗಲೇ ಮನಸ್ಸಿಗೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳಿ ಒಂದೂವರೆ ತಿಂಗಳಿಗಾಗುವಷ್ಟು ಬರೆಸಿಕೊಳ್ಳಿ. ಘಟ್ಟದ ರಸ್ತೆ ಯಾವಾಗ ಬಂದ್ ಆಗುತ್ತದೋ ಹೇಳುವ ಹಾಗಿಲ್ಲ. ಮಾತ್ರೆಯನ್ನು ಡಬ್ಬಿಯಲ್ಲಿ ಹಾಕಿ ಗಟ್ಟಿ ಮುಚ್ಚಿಡಿ, ನಮ್ಮ ಕಡೆಯ ತಂಪಿಗೆ ಎಲ್ಲವೂ ಬೂಸ್ಟು ಹಿಡಿಯುತ್ತದೆ.

2. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಬೇಸರ ಎಲ್ಲರಿಗೂ ಬರುತ್ತದೆ. ಮೂರು ದಿನ ಸೂರ್ಯ ಕಾಣದಿದ್ದರೆ ದನಕ್ಕೂ ಬೇಸರ. ಹಾಗಾದರೆ ಯಾವುದು ಮಾಮೂಲಿ ಬೇಸರ, ಯಾವುದು ಕಾಯಿಲೆ?

ಇದಕ್ಕೆ ಡಾಕ್ಟರುಗಳು ಹೇಳುವ ಅಳತೆ ಎರಡು ವಾರ. ಎರಡು ವಾರ, ಹೆಚ್ಚುಕಡಿಮೆ ದಿನಾಲೂ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿದ್ದರೆ, ಅಥವಾ ಮೊದಲು ಇಷ್ಟವಾಗುತ್ತಿದ್ದ ಯಾವುದೂ ಈಗ ಬೇಡವಾಗಿದ್ದರೆ ತೋರಿಸಬೇಕು. ಜೊತೆಗೆ ನಿದ್ದೆ ಕೆಡುವುದು, ಊಟ ಸೇರದಿರುವುದು, ಸುಸ್ತು, ತಾನು ಯಾರಿಗೂ ಬೇಡ ಅನ್ನಿಸುವುದು, ಓದಿದ ಸಾಲನ್ನೇ ಮತ್ತೆ ಮತ್ತೆ ಓದುವುದು ಇರುತ್ತದೆ.

ಎರಡು ವಾರ ಆಯಿತೋ ಇಲ್ಲವೋ ನೆನಪಿನಿಂದ ಹೇಳಲಾಗುವುದಿಲ್ಲ. ಮಳೆಗಾಲದಲ್ಲಂತೂ ಇವತ್ತು ಯಾವ ವಾರ ಅಂತಲೇ ಮರೆತುಹೋಗುತ್ತದೆ. ಅದಕ್ಕೇ ಕ್ಯಾಲೆಂಡರು. ಮಲಗುವ ಮೊದಲು ಆ ದಿನದ ಚೌಕದಲ್ಲಿ ಒಂದು ಗುರುತು ಹಾಕಿ. ಅಡ್ಡಿಲ್ಲ ಅನ್ನುವ ದಿನಕ್ಕೆ ಚುಕ್ಕಿ. ಕಷ್ಟದ ದಿನಕ್ಕೆ ಗೆರೆ. ಪಕ್ಕದಲ್ಲಿ ಎಷ್ಟು ತಾಸು ನಿದ್ದೆ ಅಂತ ಒಂದು ಅಂಕಿ. ಅಷ್ಟೇ ಸಾಕು, ಡೈರಿ ಬರೆಯುವುದು ಬೇಡ. ಬರೆಯಬೇಕು ಅಂದರೆ ನಾಲ್ಕನೇ ದಿನಕ್ಕೆ ಬಿಟ್ಟುಹೋಗುತ್ತದೆ.

ವಯಸ್ಸಾದವರಲ್ಲಿ, ಗಂಡಸರಲ್ಲಿ ಬೇಸರ ಬೇಸರದ ಹಾಗೆ ಕಾಣುವುದಿಲ್ಲ. ಸಿಡಿಮಿಡಿ, ಬೆನ್ನುನೋವು, ಹೊಟ್ಟೆ ಉರಿ, ತಲೆಭಾರ ಅಂತ ಬರುತ್ತದೆ. ಬಾಣಂತಿಯರನ್ನು ಬೇರೆಯಾಗಿ ಗಮನಿಸಿ. ಹೆರಿಗೆಯಾದ ಮೊದಲ ವಾರ, ಹತ್ತು ದಿನ ಸುಮ್ಮನೆ ಅಳು ಬರುವುದು ಸಹಜ. ಅದರ ಆಚೆಗೂ ಮುಂದುವರಿದರೆ "ನಂಜು" ಅಂತ ಬಿಡದೆ ಡಾಕ್ಟರಿಗೆ ತೋರಿಸಿ.

3. ಬೆಳಿಗ್ಗೆ ಅಂಗಳಕ್ಕೆ ಇಳಿಯಿರಿ

ನಮ್ಮ ಮನೆಗಳು ತಗ್ಗಿನಲ್ಲಿವೆ. ಸುತ್ತ ಅಡಿಕೆ ಮರ, ಮೇಲೆ ಬೆಟ್ಟ. ಜುಲೈಯಲ್ಲಿ ಹಗಲು ಹನ್ನೆರಡಕ್ಕೂ ಅಡುಗೆಮನೆಗೆ ದೀಪ ಹಾಕಬೇಕು. ದೇಹದ ಗಡಿಯಾರ ನಡೆಯುವುದು ಬೆಳಕಿನಿಂದ. ಮನೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ 100ರಿಂದ 300 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ). ಮೋಡ ಕವಿದ ದಿನವೂ ಬಯಲಿನಲ್ಲಿ 1000 ಲಕ್ಸಿಗಿಂತ ಜಾಸ್ತಿ ಇರುತ್ತದೆ. ಕಣ್ಣಿಗೆ ಅಷ್ಟು ವ್ಯತ್ಯಾಸ ತಿಳಿಯುವುದಿಲ್ಲ, ಮಿದುಳಿಗೆ ತಿಳಿಯುತ್ತದೆ.

ಎದ್ದ ಒಂದು ತಾಸಿನೊಳಗೆ ಅರ್ಧ ತಾಸು ಹೊರಗಿರಿ. ತೋಟದೊಳಗೆ ಹೋದರೆ ಪ್ರಯೋಜನ ಕಡಿಮೆ, ಅಲ್ಲಿಯೂ ಕತ್ತಲೆಯೇ. ಅಂಗಳ, ಗದ್ದೆಯಂಚು, ರಸ್ತೆ, ಎಲ್ಲಿ ಆಕಾಶ ಕಾಣುತ್ತದೋ ಅಲ್ಲಿ. ಮಳೆಯಿದ್ದರೆ ಕೊಡೆ ಹಿಡಿದು ಡೇರಿಗೆ ಹಾಲು ಕೊಟ್ಟು ಬನ್ನಿ. ಹೊರಡಲಾಗದವರು ಜಗಲಿಯ ತುದಿಗೆ ಕುರ್ಚಿ ಎಳೆದುಕೊಂಡು ಚಹಾ ಅಲ್ಲೇ ಕುಡಿಯಿರಿ. ಕಾರವಾರ, ಕುಮಟೆಯ ಕಡೆಯವರಿಗೆ ಸಮುದ್ರದಂಡೆಯ ಬಯಲಿದೆ. ಮಳೆ ಸ್ವಲ್ಪ ಬಿಟ್ಟಾಗ ದಂಡೆಯ ಮೇಲ್ಭಾಗದಲ್ಲಿ ನಡೆದು ಬನ್ನಿ, ನೀರಿಗೆ ಮಾತ್ರ ಇಳಿಯಬೇಡಿ.

4. ಏಳುವ ಹೊತ್ತನ್ನು ಬಿಡಬೇಡಿ

ನಿದ್ದೆ ಬರಲಿಲ್ಲ ಅಂತ ಬೆಳಿಗ್ಗೆ ಒಂಬತ್ತರವರೆಗೆ ಮಲಗಿದರೆ ಮರುದಿನ ರಾತ್ರಿಯೂ ಕೆಟ್ಟಿತು ಅಂತಲೇ ಅರ್ಥ. ಮಲಗುವ ಹೊತ್ತು ಹೆಚ್ಚುಕಡಿಮೆ ಆಗಲಿ. ಏಳುವ ಹೊತ್ತು ಒಂದೇ ಇರಲಿ. ಮಧ್ಯಾಹ್ನ ಉಂಡು ಮಲಗುವ ರೂಢಿಯಿದ್ದರೆ ಅರ್ಧ ತಾಸಿಗೆ ನಿಲ್ಲಿಸಿ. ಹೊರಗೆ ಕೆಲಸ ಇಲ್ಲದ ದಿನ ಅದು ಸಂಜೆ ಐದರವರೆಗೂ ಎಳೆಯುತ್ತದೆ. ರಾತ್ರಿ ಎರಡಕ್ಕೆ ಎಚ್ಚರವಾಗಿ ಹೊರಳಾಡುವುದಕ್ಕೆ ಬಹಳ ಸಲ ಇದೇ ಕಾರಣ.

ಚಹಾ ಕಾಫಿಯ ಸತ್ವ ಅರ್ಧ ಇಳಿಯುವುದಕ್ಕೇ ಸುಮಾರು ಐದು ತಾಸು ಬೇಕು. ಸಂಜೆ ಬಿಸಿ ಏನಾದರೂ ಬೇಕೇ ಬೇಕು, ಮಳೆಗಾಲ ನೋಡಿ. ಕೊತ್ತಂಬರಿ ಜೀರಿಗೆ ಕಷಾಯ ಮಾಡಿಕೊಳ್ಳಿ. ಊಟದ ನಂತರದ ಕವಳದ (ಎಲೆಯಡಿಕೆಯ) ಬಗ್ಗೆಯೂ ಹೇಳಬೇಕು. ಅಡಿಕೆಗೆ ಎಚ್ಚರ ಬರಿಸುವ ಗುಣವಿದೆ, ತಂಬಾಕಿಗೂ ಇದೆ. ಅಡಿಕೆ ಬೆಳೆದೇ ಬದುಕುವವಳು ನಾನು, ಆದರೂ ಹೇಳುತ್ತೇನೆ: ನಿದ್ದೆ ಬಾರದವರು ರಾತ್ರಿಯ ಕವಳ ಬಿಡಿ. ತಂಬಾಕನ್ನು ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದು.

ಹಾಸಿಗೆಯಲ್ಲಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಕೂತುಕೊಳ್ಳಿ. ಮಂದ ಬೆಳಕಿನಲ್ಲಿ ಏನಾದರೂ ಸಣ್ಣ ಕೆಲಸ ಮಾಡಿ. ನಾನು ಬತ್ತಿ ಹೊಸೆಯುತ್ತೇನೆ. ಕಣ್ಣು ಎಳೆದಾಗ ಮತ್ತೆ ಹೋಗಿ ಮಲಗಿ.

5. ಗುಡ್ಡದ ಭಯವನ್ನು ಎರಡು ಪಾಲು ಮಾಡಿ

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಜನ ಜೀವ ಕಳೆದುಕೊಂಡರು. ಆಮೇಲೆ ಗುಡ್ಡದ ಬುಡದಲ್ಲಿರುವ ಎಷ್ಟೋ ಮನೆಗಳಲ್ಲಿ ಮಳೆ ಜೋರಾದ ರಾತ್ರಿ ನಿದ್ದೆಯಿಲ್ಲ. ಇಂಥವರಿಗೆ "ಸುಮ್ನೆ ಹೆದರ್ತೀಯ" ಅನ್ನಬಾರದು. ಆ ಭಯಕ್ಕೆ ಬುಡವಿದೆ.

ಆದರೆ ಭಯದಲ್ಲಿ ಎರಡು ಪಾಲಿದೆ. ಒಂದು, ಕೈಯಿಂದ ಆಗುವ ಕೆಲಸ. ಮನೆ ಹತ್ತಿರದ ಧರೆಯಲ್ಲಿ (ಕಡಿದಾದ ಮಣ್ಣಿನ ದಿಬ್ಬದಲ್ಲಿ) ಹೊಸ ಬಿರುಕು ಬಿಟ್ಟಿದೆಯಾ? ಮರ ವಾಲಿದೆಯಾ? ಮೊದಲು ನೀರಿಲ್ಲದ ಕಡೆ ಕೆಂಪು ನೀರು ಒಸರುತ್ತಿದೆಯಾ? ಹಗಲು ನೋಡಿ ಬನ್ನಿ. ಇದ್ದರೆ ಪಂಚಾಯತಿಗೆ ತಿಳಿಸಿ, ರಾತ್ರಿಯಾಗುವ ಮೊದಲೇ ಮನೆ ಬಿಡಿ. ಮನೆ ಬಿಟ್ಟವರಿಗೆ ಉಳಿಯುವುದಕ್ಕೆ ಕಾಳಜಿ ಕೇಂದ್ರ ಎಲ್ಲಿ ತೆರೆಯುತ್ತಾರೆ ಅಂತ ಮೊದಲೇ ಕೇಳಿಡಿ. ಕಾಗದಪತ್ರ, ಮಾತ್ರೆ, ಟಾರ್ಚು ಒಂದು ಚೀಲದಲ್ಲಿ ಬಾಗಿಲ ಹತ್ತಿರ ಇರಲಿ. ಎರಡನೆಯ ಪಾಲು, ಕೈಯಿಂದ ಏನೂ ಆಗದ ಯೋಚನೆ. ಮೊಬೈಲಿನಲ್ಲಿ ಕುಸಿತದ ವೀಡಿಯೊವನ್ನು ಮತ್ತೆ ಮತ್ತೆ ನೋಡುವುದು ಇದನ್ನು ಬೆಳೆಸುತ್ತದೆ. ದಿನಕ್ಕೆ ಒಂದು ಸಲ ಸುದ್ದಿ, ಒಂದು ಸಲ ಹವಾಮಾನದ ಎಚ್ಚರಿಕೆ, ಸಾಕು. ಮೊದಲ ಪಾಲಿನ ಕೆಲಸ ಮುಗಿಸಿದ ದಿನ ಎರಡನೆಯದು ತಾನಾಗಿ ಸ್ವಲ್ಪ ಇಳಿಯುತ್ತದೆ.

6. ಚಿಂತೆಗೆ ಒಂದು ಹೊತ್ತು ಇಡಿ

ಅಡಿಕೆಗೆ ಕೊಳೆರೋಗ ಬಂದರೆ? ಅದಕ್ಕೆ ಬೋರ್ಡೋ ಔಷಧಿ ಹೊಡೆಯುವುದಕ್ಕೆ ಆಳು ಸಿಗದಿದ್ದರೆ? ಸೊಸೈಟಿಯ ಸಾಲ? ಮಗನಿಗೆ ಹೆಣ್ಣು? ಇವೆಲ್ಲ ಸುಳ್ಳು ಚಿಂತೆಗಳಲ್ಲ. "ಚಿಂತೆ ಮಾಡಬೇಡ" ಅಂದರೆ ಯಾರೂ ಬಿಡುವುದಿಲ್ಲ. ಹಾಗಾಗಿ ಬಿಡುವುದು ಬೇಡ, ಹೊತ್ತು ಗೊತ್ತುಮಾಡಿ. ಸಂಜೆ ನಾಲ್ಕೂವರೆಯಿಂದ ಐದರವರೆಗೆ ಅಂತಿಟ್ಟುಕೊಳ್ಳಿ. ಬೆಳಿಗ್ಗೆ ಹತ್ತಕ್ಕೆ ಬಂದ ಚಿಂತೆಯನ್ನು ಒಂದು ಚೀಟಿಯಲ್ಲಿ ಬರೆದು, ಸಂಜೆ ನೋಡೋಣ ಅಂತ ಇಡಿ. ಸಂಜೆ ಚೀಟಿ ತೆಗೆದು ಒಂದೊಂದನ್ನೇ ನೋಡಿ. ನಾಳೆ ಇದಕ್ಕೆ ಏನಾದರೂ ಮಾಡಬಹುದಾ? ಆಗುವುದಾದರೆ ಏನು, ಯಾವಾಗ ಅಂತ ಬರೆಯಿರಿ. ಆಗದಿದ್ದರೆ ಹಾಗೇ ಬಿಡಿ. ಮೊದಲ ವಾರ ಇದು ಸರಿಯಾಗಿ ಬರುವುದಿಲ್ಲ. ಎರಡನೇ ವಾರದ ಹೊತ್ತಿಗೆ ನನಗೆ ಬಂತು. ರಾತ್ರಿಯ ಚಿಂತೆ ಪೂರ್ತಿ ಹೋಗಲಿಲ್ಲ, ಆದರೆ ಅರ್ಧಕ್ಕೆ ಇಳಿಯಿತು.

7. ಮನಸ್ಸು ಬರಲಿ ಅಂತ ಕಾಯಬೇಡಿ

ಇದು ನನಗೆ ಕಲಿಯಲು ಬಹಳ ದಿನ ಹಿಡಿಯಿತು. ಮನಸ್ಸು ಸರಿಯಾದ ಮೇಲೆ ಕೆಲಸ ಮಾಡೋಣ ಅಂದುಕೊಂಡು ಮಲಗಿರುತ್ತಿದ್ದೆ. ನಡೆಯುವುದು ತಿರುಗುಮುರುಗು. ಮೊದಲು ಕೈ ಆಡಬೇಕು, ಮನಸ್ಸು ಆಮೇಲೆ ಬರುತ್ತದೆ.

ಕೆಲಸ ತೀರಾ ಸಣ್ಣದಿರಲಿ. ಕಪಾಟು ಪೂರ್ತಿ ಬೇಡ, ಒಂದು ಹಲಗೆ ಒರೆಸಿ. ಅಡುಗೆ ಪೂರ್ತಿ ಬೇಡ, ಒಂದೆಲಗದ ತಂಬುಳಿ ಒಂದು ಮಾಡಿ. ದಿನಕ್ಕೆ ಎರಡು ಕೆಲಸ ಆರಿಸಿ: ಒಂದು ಮಾಡಲೇಬೇಕಾದದ್ದು, ಒಂದು ಮೊದಲು ಖುಷಿ ಕೊಡುತ್ತಿದ್ದದ್ದು. ಖುಷಿ ಬರದಿದ್ದರೂ ಮಾಡಿ. ಮುಗಿದ ಮೇಲೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

8. ಜನರನ್ನು ಬಿಡಬೇಡಿ

ಎಲ್ಲಕ್ಕಿಂತ ದೊಡ್ಡದು ಇದೇ ಅಂತ ನನ್ನ ಅನಿಸಿಕೆ. ಒಂದೊಂದು ಮನೆಗೂ ನಡುವೆ ಒಂದೊಂದು ತೋಟ. ಹಳ್ಳದ ಸಂಕ (ಕಾಲುಸೇತುವೆ) ಮುಳುಗಿದರೆ ಆಚೆ ಮನೆಯೂ ದೂರ. ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಅರವತ್ತು, ಎಪ್ಪತ್ತು ದಾಟಿದ ಇಬ್ಬರೇ ಇರುವ ಮನೆಗಳು ಎಷ್ಟಿವೆ ನಮ್ಮಲ್ಲಿ! ಒಬ್ಬರೇ ಇರುವ ಮನೆಗಳೂ ಇವೆ.

ಮಳೆಗೆ ಮೊದಲೇ ಮೂರು ಹೆಸರು ಬರೆದಿಡಿ. ನಡೆದು ಹೋಗಬಹುದಾದ ಒಂದು ಮನೆ. ದಿನಾ ಫೋನ್ ಮಾಡಬಹುದಾದ ಒಬ್ಬರು. "ಅಡ್ಡಿಲ್ಲೆ" ಅಂದರೆ ನಂಬದ ಒಬ್ಬರು. ಮೂರನೆಯವರಿಗೆ ಈಗಲೇ ಹೇಳಿಡಿ: "ನಾನು ಎರಡು ದಿನ ಫೋನ್ ಎತ್ತದಿದ್ದರೆ ಬಂದು ನೋಡು." ನನಗೆ ಅಂಥವಳು ನನ್ನ ಅತ್ತಿಗೆ.

ವಾರಕ್ಕೊಂದು ಸಲ ಮನೆಯಿಂದ ಹೊರಗೆ ಜನ ಸೇರುವ ಕಡೆ ಹೋಗಿ. ಮಳೆಗಾಲದಲ್ಲಿ ಬಯಲಾಟ ನಿಲ್ಲುತ್ತದೆ, ತಾಳಮದ್ದಲೆ ನಡೆಯುತ್ತದೆ. ಅರ್ಥ ಕೇಳುವುದಕ್ಕಲ್ಲದಿದ್ದರೂ ಆಮೇಲಿನ ಚಹಾಕ್ಕೆ, ಮಾತಿಗೆ ಹೋಗಿ. ಸ್ವಸಹಾಯ ಸಂಘದ ಸಭೆ, ಭಜನೆ, ಸಂತೆ, ಯಾವುದಾದರೂ ಆದೀತು.

ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲ. ಆ 61 ದಿನ ದುಡಿಮೆ ಇಲ್ಲ. ಹತ್ತು ತಿಂಗಳು ಕಡಲಲ್ಲಿದ್ದ ಗಂಡಸು ಮನೆಯಲ್ಲೇ ಕೂತಾಗ ಕೈಯಲ್ಲಿ ದುಡ್ಡಿಲ್ಲ, ಕೆಲಸವಿಲ್ಲ. ಜಗಳ, ಕುಡಿತ ಶುರುವಾಗುವುದು ಆಗಲೇ. ಬಲೆ ಹೆಣೆಯುವುದನ್ನು ಮನೆಯ ಮೂಲೆಯಲ್ಲಿ ಒಬ್ಬರೇ ಮಾಡಬೇಡಿ. ಬಂದರಿನಲ್ಲೋ ಶೆಡ್ಡಿನಲ್ಲೋ ನಾಲ್ಕು ಜನರ ಜೊತೆ ಕೂತು ಮಾಡಿ. ಮನೆಯ ಹೆಂಗಸರು, ಸಾಲದ ಲೆಕ್ಕವನ್ನು ರಾತ್ರಿ ಊಟದ ಹೊತ್ತಿಗೆ ತೆಗೆಯಬೇಡಿ. ಬೆಳಿಗ್ಗೆ, ಕುಡಿಯದೆ ಇರುವ ಹೊತ್ತಿಗೆ ಮಾತಾಡಿ. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ ನಿಜ. ಆದರೆ ರಾತ್ರಿಯ ಎರಡನೇ ಅರ್ಧ ಒಡೆದ ನಿದ್ದೆ, ಮರುದಿನ ಇನ್ನೂ ಜಾಸ್ತಿ ಬೇಸರ.

ಬೆಂಗಳೂರಿನಲ್ಲಿರುವ ಮಕ್ಕಳಿಗೆ ಒಂದು ಮಾತು. ದಿನಾ ಫೋನ್ ಮಾಡಿ "ಊಟ ಆಯ್ತಾ ಆಯಿ?" ಅಂತ ಕೇಳುತ್ತೀರಿ. "ಆತು" ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. "ಇವತ್ತು ಎಂತದ್ರ ತಂಬುಳಿ?" ಅಂತ ಕೇಳಿ. ಮೂರು ದಿನ ಸೇರಿ "ನಿನ್ನೆದೇ ಇತ್ತು" ಅಂತ ಬಂದರೆ ಅಲ್ಲಿ ಒಲೆ ಹೊತ್ತುತ್ತಿಲ್ಲ ಅಂತ ತಿಳಿಯಿರಿ. ರಾತ್ರಿ ಎಷ್ಟು ಗಂಟೆಗೆ ಎಚ್ಚರವಾಯಿತು, ಇವತ್ತು ಯಾರ ಮನೆಗೆ ಹೋಗಿದ್ದಿರಿ ಅಂತ ಕೇಳಿ. ಉತ್ತರ ಸರಿ ಕಾಣದಿದ್ದರೆ ಹಬ್ಬಕ್ಕೆ ಕಾಯದೆ ಆ ಶನಿವಾರವೇ ಹೊರಟು ಬನ್ನಿ.

9. ಎದೆ ಡವಡವ ಅಂದಾಗ

ಏಕಾಏಕಿ ಎದೆ ಬಡಿದುಕೊಂಡು, ಕೈ ಬೆವರಿ, ಉಸಿರು ಸಿಕ್ಕಿಕೊಂಡ ಹಾಗೆ ಆಗುವುದುಂಟು. ಮೊದಲ ಸಲ ಆದರೆ, ಎದೆನೋವಿದ್ದರೆ ಆಸ್ಪತ್ರೆಗೇ ಹೋಗಿ. ಹೃದಯದ ತೊಂದರೆಯಲ್ಲ ಅಂತ ಖಾತ್ರಿಯಾಗಬೇಕು. ಗಾಬರಿಯ ಕಾಯಿಲೆ ಅಂತ ಡಾಕ್ಟರೇ ಹೇಳಿದ ಮೇಲೆ ಹೀಗೆ ಮಾಡಿ. ಕೂತುಕೊಳ್ಳಿ. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ಬಿಡಿ. ಬಿಡುವುದು ಉದ್ದವಾದಾಗ ಎದೆಬಡಿತ ನಿಧಾನವಾಗುತ್ತದೆ. ಐದು ನಿಮಿಷ ಮಾಡಿ. ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಇದನ್ನು ಆರಾಮಿರುವಾಗಲೇ ಅಭ್ಯಾಸ ಮಾಡಿಡಿ, ಗಾಬರಿಯಲ್ಲಿ ಹೊಸದಾಗಿ ಕಲಿಯುವುದಕ್ಕೆ ಬರುವುದಿಲ್ಲ.

10. ಡಾಕ್ಟರ ಹತ್ತಿರ ಹೋಗುವುದು

ಕ್ಯಾಲೆಂಡರಿನಲ್ಲಿ ಎರಡು ವಾರ ಗೆರೆಯೇ ಇದ್ದರೆ ಹೋಗಿ. ಎಲ್ಲಿಗೆ ಅಂತ ಗೊತ್ತಾಗದಿದ್ದರೆ ಮೊದಲು 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸೇವೆ. ದಿನದ 24 ತಾಸೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿಗೆ ಯಾವಾಗ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ ಹೊರಡಿ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಅಲ್ಲಿ ಹೋಗಿ "ಎಂತದೋ ಬೇಸರ" ಅಂದು ಸುಮ್ಮನಾಗಬೇಡಿ. ಕ್ಯಾಲೆಂಡರಿನ ಆ ಹಾಳೆಯನ್ನೇ ತೋರಿಸಿ. ನಿದ್ದೆ ಎಷ್ಟು, ಊಟ ಹೇಗೆ, ಎಂದಿನಿಂದ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ, ಈಗ ಯಾವ ಮಾತ್ರೆ ನಡೆಯುತ್ತಿದೆ, ಕುಡಿತ ಇದೆಯಾ, ಎಲ್ಲ ಹೇಳಿ. ನಾಟಿ ಔಷಧ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ.

ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯ ಹಾಗಲ್ಲ. ಗುಣ ಕಾಣುವುದಕ್ಕೆ ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಕಾಣುವುದಕ್ಕೆ ಇನ್ನೂ ಜಾಸ್ತಿ. ಮೊದಲ ವಾರ ಹೊಟ್ಟೆ ತೊಳಸಬಹುದು, ತಲೆ ಭಾರವಾಗಬಹುದು. ಬಹಳ ಜನ ಬಿಡುವುದು ಆಗಲೇ. ಬಿಡದೆ ಡಾಕ್ಟರಿಗೆ ಫೋನ್ ಮಾಡಿ. ಈ ಮಾತ್ರೆಗೆ ಚಟ ಹತ್ತುವುದಿಲ್ಲ. ಚಟ ಹತ್ತುವ ಭಯ ಇರುವುದು ಕೆಲವು ನಿದ್ದೆ ಮಾತ್ರೆಗಳಿಗೆ. ಅವನ್ನು ಡಾಕ್ಟರು ಹೇಳಿದಷ್ಟೇ ದಿನ ತೆಗೆದುಕೊಳ್ಳಬೇಕು, ಅಂಗಡಿಯಲ್ಲಿ ಸ್ವಂತಕ್ಕೆ ಕೇಳಿ ತರಬಾರದು.

ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳುವವರಿದ್ದಾರೆ. ಕೇಳಿ, ಮಾರಿಕಾಂಬೆಗೆ ಹರಕೆ ಹೊತ್ತುಕೊಳ್ಳಿ. ನಾನೂ ಹೊತ್ತಿದ್ದೆ. ಅದಕ್ಕಾಗಿ ಆಸ್ಪತ್ರೆಯ ದಿನ ಮುಂದೆ ಹಾಕಬೇಡಿ.

11. "ಸಾಯುವುದೇ ವಾಸಿ" ಅಂದಾಗ

ಮನೆಯಲ್ಲಿ ಯಾರಾದರೂ ಹಾಗೆ ಅಂದರೆ "ಹಂಗೆಲ್ಲ ಮಾತಾಡ್ಲಾಗ" ಅಂತ ಬಾಯಿ ಮುಚ್ಚಿಸಬೇಡಿ. ಹತ್ತಿರ ಕೂತು ನೇರವಾಗಿ ಕೇಳಿ: "ಜೀವ ತೆಗೆದುಕೊಳ್ಳುವ ಯೋಚನೆ ಬರುತ್ತಾ?" ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಬಹಳ ಸಲ ಕೇಳಿದ್ದಕ್ಕೇ ಹಗುರಾಗುತ್ತಾರೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿ, ಮನೆಯ ಮಾತ್ರೆಗಳು ಬೀಗದೊಳಗೆ ಹೋಗಲಿ, ಸಾಧ್ಯವಾದರೆ ಬೇರೆ ಮನೆಗೇ ಹೋಗಲಿ. ಆ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದು. ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. 14416ಕ್ಕೆ ಫೋನ್ ಮಾಡಿ. ತುರ್ತಾಗಿದ್ದರೆ 108ಕ್ಕೆ ಅಥವಾ 112ಕ್ಕೆ ಮಾಡಿ. ನಿಮ್ಮ ಮನಸ್ಸಿಗೇ ಹಾಗೆ ಬರುತ್ತಿದ್ದರೆ, ಪಕ್ಕದ ಕೋಣೆಯಲ್ಲಿರುವವರನ್ನು ಈಗಲೇ ಎಬ್ಬಿಸಿ.

ಪೊಲೀಸು, ಕೇಸು ಅಂತ ಹೆದರಿ ಮುಚ್ಚಿಡುವ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಜೀವ ತೆಗೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಅದಕ್ಕಾಗಿ ಅವರಿಗೆ ಶಿಕ್ಷೆ ಕೊಡುವ ಹಾಗಿಲ್ಲ. ಅವರಿಗೆ ಚಿಕಿತ್ಸೆ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ.

12. ಮಳೆ ಬಿಟ್ಟ ಮೇಲೆ

ನವರಾತ್ರಿಯ ಹೊತ್ತಿಗೆ ಬಿಸಿಲು ಬರುತ್ತದೆ. ಅಡಿಕೆ ಕೊಯ್ಲಿನ ಕೆಲಸ ಹತ್ತಿರವಾಗುತ್ತದೆ. ಮನಸ್ಸು ಹಗುರಾಗುತ್ತದೆ. ಆಗ "ಇನ್ನು ಮಾತ್ರೆ ಯಾಕೆ" ಅನ್ನಿಸುತ್ತದೆ. ನಿಲ್ಲಿಸಬೇಡಿ. ಆರಾಮಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು. ಬಿಡುವಾಗಲೂ ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡಬೇಕು.

ಹೊಸ ವರ್ಷಕ್ಕೆ ಹಳೆಯ ಕ್ಯಾಲೆಂಡರು ಎಸೆಯಬೇಡಿ. ಗೆರೆಗಳು ಯಾವ ಮಳೆಯಲ್ಲಿ ಶುರುವಾದವು, ಯಾವ ವಾರ ಒತ್ತಾಗಿದ್ದವು ಅಂತ ನೋಡಿ, ಹೊಸ ಕ್ಯಾಲೆಂಡರಿನ ಅದೇ ವಾರದ ಹಿಂದಿನ ಸೋಮವಾರದಲ್ಲಿ ಬರೆದಿಡಿ. ನನ್ನದರಲ್ಲಿ ಜೂನ್ ಮೂರನೇ ಸೋಮವಾರ "ಅತ್ತಿಗೆಗೆ ಫೋನು" ಅಂತ ಇದೆ.